ಎರಡು ಮಾರು ತುಂಬೆ

ಕೊಂಡಜ್ಜಿ
೫ ಜೂನ್ ೧೯೬೧

ತಮ್ಮ ಏಕಾಂತಪ್ಪನಿಗೆ ಅಕ್ಕ ನಾಗಕ್ಕನ ಆಶೀರ್ವಾದ.

ಎಲ್ಲರೂ ಕ್ಷೇಮ ಅಂತ ಬರೆದರೆ ನೀನು ನಂಬುವುದಿಲ್ಲ. ಅದಕ್ಕೇ ಇದ್ದದ್ದನ್ನೇ ಬರೆಯುತ್ತೇನೆ. ನಮ್ಮ ಹೊಲಕ್ಕೂ ಜಂಬಯ್ಯ ಭಾವನ ಹೊಲಕ್ಕೂ ನಡುವೆ ಎರಡು ಮಾರು ಅಗಲದ ಪಟ್ಟಿ ಇದೆಯಲ್ಲ, ಪಾಲಾದಾಗಿನಿಂದ ಅಣ್ಣ ತಮ್ಮ ಇಬ್ಬರೂ ಅದು ತಮ್ಮದೇ ಅನ್ನುತ್ತಿದ್ದಾರೆ. ಹೋದ ತಿಂಗಳು ಭಾವ ಅದರಲ್ಲಿ ಗಳೆ ಹೂಡಿ ಉಳತೊಡಗಿದರು. ನಮ್ಮ ಮನೆಯವರು, ಅದೇ ನಿಮ್ಮ ಮಾವ, ನೊಗದ ಗೂಟ ಕಿತ್ತು ಒಡಹುಟ್ಟಿದ ಅಣ್ಣನ ತಲೆಗೇ ಹೊಡೆದರು. ತಲೆ ಬಿರಿಯಿತು, ಒಂದು ಕಿವಿ ಹರಿದು ಜೋತಾಡಿತು. ನಾನೇ ಸೆರಗು ಒತ್ತಿ ಹಿಡಿದುಕೊಂಡು ಗಾಡಿಯಲ್ಲಿ ಹರಿಹರದ ಆಸ್ಪತ್ರೆಯವರೆಗೆ ಹೋದೆ. ಆ ಸೀರೆ ಎಷ್ಟು ಒಗೆದರೂ ಕಲೆ ಹೋಗಿಲ್ಲ.

ಈಗ ಪೊಲೀಸರು ನಿಮ್ಮ ಮಾವನ ಕೈಲಿ ಮುಚ್ಚಳಿಕೆ ಬರೆಸಿಕೊಂಡಿದ್ದಾರೆ. ಒಂದು ವರ್ಷದೊಳಗೆ ಯಾರ ಮೇಲೆ ಕೈ ಎತ್ತಿದರೂ ನೇರ ಜೈಲು. ಅವರ ಸಿಟ್ಟು ನಿನಗೆ ಗೊತ್ತು. ಈ ಒಂದು ವರ್ಷ ಅವರನ್ನು ದಾಟಿಸಿದರೆ ಸಾಕು, ನನಗೆ ಬೇರೇನೂ ಬೇಡ.

ಅದಕ್ಕೆ ಒಂದು ಯೋಚನೆ ಮಾಡಿದ್ದೇನೆ. ಆ ಪಟ್ಟಿಯಲ್ಲಿ ಜೋಳ ಬಿತ್ತಿದರೆ ತೆನೆ ಯಾರದು ಅಂತ ಜಗಳ, ಹುಲ್ಲು ಬಿಟ್ಟರೆ ಮೇಯುವ ಎತ್ತು ಯಾರದು ಅಂತ ಜಗಳ. ತುಂಬೆ ಬಿತ್ತಿದರೆ? ಉಣ್ಣುವ ಹಾಗಿಲ್ಲ, ಮಾರುವ ಹಾಗಿಲ್ಲ. ಶಿವನಿಗೆ ಏರಿಸುವ ಹೂವಿನ ಮೇಲೆ ಗಳೆ ಹೊಡೆಯಲು ಭಾವನಿಗೂ ಅಳುಕು. ಅಲ್ಲದೆ ಈ ಸಲ ಉಳ್ಳಾಗಡ್ಡಿಯನ್ನು ಬೀಜಕ್ಕೆ ಬಿಡುತ್ತಿದ್ದೇವೆ. ಹೋದ ವರ್ಷ ಜೇನುಹುಳ ಬಾರದೆ ಹೂಗೊಂಡೆಯೆಲ್ಲ ಜೊಳ್ಳಾಯಿತು. ತುಂಬೆ ಇದ್ದರೆ ಜೇನು ಊರು ಬಿಡುವುದಿಲ್ಲ. ಇಲ್ಲಿ ಕಳೆ ಅಂತ ಎಡೆಕುಂಟೆ ಹೊಡೆದೂ ಹೊಡೆದೂ ತುಂಬೆಯೇ ಉಳಿದಿಲ್ಲ. ಆವರಗೆರೆಯಲ್ಲಿ ನಮ್ಮ ಅವ್ವನ ಹಿತ್ತಿಲ ಹಿಂದಿನ ಬೀಳಿನಲ್ಲಿ ಹೋದ ವರ್ಷದ ಗಿಡ ಒಣಗಿ ನಿಂತಿರುತ್ತವೆ. ತಲೆಕೆಳಗು ಹಿಡಿದು ಬಟ್ಟೆಯ ಮೇಲೆ ಕೊಡವು. ಸಾಸಿವೆಗಿಂತ ಸಣ್ಣ ಬೀಜ ಉದುರುತ್ತವೆ. ಗಾಡಿ ಹೊಡೆಯುವ ದುರುಗಣ್ಣನ ಕೈಲಿ ಕಳಿಸು.

ಇನ್ನೊಂದು ಮಾತು. ಕಾರ್ಡು ಹಾಕಬೇಡ. ನಮ್ಮೂರ ಟಪಾಲು ಬಕ್ಕೇಶಪ್ಪನ ಅಂಗಡಿಗೆ ಬರುತ್ತದೆ. ಅಕ್ಷರ ಬಾರದವರಿಗೆ ಓದಿ ಹೇಳಿ ಹೇಳಿ ಅವನಿಗೆ ಅದೇ ಅಭ್ಯಾಸವಾಗಿ, ಯಾರ ಕಾರ್ಡು ಬಂದರೂ ಕಟ್ಟೆ ಮೇಲೆ ಕೂತವರಿಗೆಲ್ಲ ಕೇಳುವಂತೆ ಓದುತ್ತಾನೆ. ಮುಚ್ಚಿದ ಕಾಗದವನ್ನೇ ಬರೆ.

ನಾಗಕ್ಕ


ದಾವಣಗೆರೆ
೧೩ ಜೂನ್ ೧೯೬೧

ಅಕ್ಕನಿಗೆ ಏಕಾಂತಪ್ಪನ ನಮಸ್ಕಾರ.

ನಿನ್ನ ಕಾಗದ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಲೋಕವೆಲ್ಲ ಕಳೆ ಕಿತ್ತು ಸೊಂಟ ಮುರಿದುಕೊಳ್ಳುತ್ತದೆ, ನೀನು ತವರಿನಿಂದ ಕಳೆ ಬೀಜ ತರಿಸುತ್ತೀಯ. ಆದರೂ ನಿನ್ನ ಮಾತು ಮೀರಬಾರದು ಅಂತ ಭಾನುವಾರ ಆವರಗೆರೆಗೆ ಹೋಗಿ ಬೀಳಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕೊಡವಿದೆ. ಪಕ್ಕದ ಮನೆ ಓಬವ್ವ ಬೇಲಿ ಮೇಲಿಂದ ಇಣುಕಿ, "ಏನೋ ಏಕಾಂತ, ಗರಡಿ ಬಿಟ್ಟು ಹೂವಾಡಗಿತ್ತಿ ಆದೇನೋ?" ಅಂದಳು. ಮುದುಕಿ ಅಂತ ಬಿಟ್ಟೆ. ಒಂದು ಸೇರು ಬೀಜ ದುರುಗಣ್ಣನ ಗಾಡಿಯಲ್ಲಿ ಬರುತ್ತದೆ.

ಆದರೆ ಒಂದು ಮಾತು ಹೇಳದೆ ಇರಲಾರೆ. ಎರಡು ಮಾರು ನೆಲ ಬಿಟ್ಟು ಅದರ ಮೇಲೆ ಹೂವು ಬಿತ್ತುವುದೆಂದರೆ ನಾವು ಹೆದರಿದ್ದೇವೆ ಅಂತ ಡಂಗುರ ಸಾರಿದ ಹಾಗೆ. ಕಾಟಪ್ಪ ಮಾವ ಹೊಡೆದದ್ದು ತಪ್ಪಲ್ಲ, ಒಂದೇ ಏಟಿಗೆ ಬಿಟ್ಟದ್ದು ತಪ್ಪು. ಇಲ್ಲಿ ಮಂಡಿಪೇಟೆಯಲ್ಲಿ ನಾನು ಹತ್ತಿ ತೂಗುವಾಗ ತಕ್ಕಡಿಗೆ ಮೊಣಕಾಲು ಕೊಡಲು ಬಂದ ಹಮಾಲನೊಬ್ಬನಿಗೆ ಹೋದ ವಾರ ಒಂದು ಗುದ್ದು ಕೊಟ್ಟೆ. ಅವನ ಎರಡು ಹಲ್ಲು ಹತ್ತಿ ಅಂಡಿಗೆ ಮೇಲೆ ಬಿದ್ದವು. ಬಿಳಿ ಹತ್ತಿಯ ಮೇಲೆ ರಕ್ತ ಎಷ್ಟು ಚೆನ್ನಾಗಿ ಕಾಣುತ್ತದೆ ಗೊತ್ತೇನು? ಅವತ್ತಿನಿಂದ ಎಲ್ಲರೂ "ಬರ್ರಿ ಪೈಲ್ವಾನ್ರೇ, ಕೂಡ್ರಿ" ಅನ್ನುತ್ತಾರೆ. ಭಯ ಇದ್ದರೆ ಮರ್ಯಾದೆ.

ಏಕಾಂತಪ್ಪ


ಕೊಂಡಜ್ಜಿ
೪ ಆಗಸ್ಟ್ ೧೯೬೧

ತಮ್ಮ ಏಕಾಂತಪ್ಪನಿಗೆ ಆಶೀರ್ವಾದ.

ಬೀಜ ಮುಟ್ಟಿತು. ಪಟ್ಟಿಯನ್ನು ತೆಳ್ಳಗೆ ಕೆರೆದು, ಬೀಜಕ್ಕೆ ಮರಳು ಬೆರೆಸಿ, ಮೊದಲ ಹದ ಮಳೆ ಬಿದ್ದ ಮಾರನೇ ದಿನ ಕೈಯಿಂದ ಎರಚಿದೆ. ಮೇಲೆ ಮಣ್ಣು ಮುಚ್ಚಬಾರದು, ಮುಚ್ಚಿದರೆ ಹುಟ್ಟುವುದಿಲ್ಲ. ಮಗ ಕಲ್ಲೇಶಿ ಹಿಂದೆ ಹಿಂದೆ ಬಂದು ಕಾಲಲ್ಲಿ ಮೆಲ್ಲಗೆ ತುಳಿದ. ಊರವರು ನಕ್ಕರು. ಹಸಿರು ಚುಕ್ಕೆ ಎದ್ದ ದಿನ ನಾನು ಅವರಿಗಿಂತ ಜೋರಾಗಿ ನಕ್ಕೆ.

ಹೋದ ಗುರುವಾರ ಆಗಬಾರದ್ದು ಆಗುವುದರಲ್ಲಿತ್ತು. ವಾರಗಿತ್ತಿ ಮೈಲಮ್ಮ ತಮ್ಮ ಜೋಳಕ್ಕೆ ಕಳೆ ಕೀಳಲು ಬೇರೆ ಊರಿನ ಹೆಂಗಸರನ್ನು ಕರೆದಿದ್ದಳು. ತುಂಬೆ ಕಂಡರೆ ಯಾರಾದರೂ ಕೀಳುವುದೇ ಅಲ್ಲವೇ, ಅವರು ಸಾಲು ಹಿಡಿದು ಬಂದವರು ನಮ್ಮ ಪಟ್ಟಿಗೂ ಬಂದು ಅರ್ಧ ಬೋಳು ಮಾಡಿಬಿಟ್ಟರು. ನಿಮ್ಮ ಮಾವ ನೋಡಿ, ಬೇಕಂತಲೇ ಕೀಳಿಸಿದ್ದಾರೆ ಅಂತ ಕುಡುಗೋಲು ತೆಗೆದುಕೊಂಡು ಹೊರಟರು. ನಾನು ಹೊಸಲಲ್ಲಿ ಅಡ್ಡ ಮಲಗಿದೆ. "ದಾಟಿ ಹೋಗ್ರಿ, ಆದ್ರ ತಿರುಗಿ ಬರೋದು ಬ್ಯಾಡ" ಅಂದೆ. ಕುಡುಗೋಲನ್ನು ಕಂಬಕ್ಕೆ ಕಚ್ಚಿಸಿದರು, ಅದು ನಾಲ್ಕು ಬೆರಳು ಇಳಿಯಿತು. ಆಮೇಲೆ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗೋಡೆಗೆ ಮುಖ ಮಾಡಿ ಕೂತರು. ಮುಚ್ಚಳಿಕೆ ಆದ ಮೇಲೆ ಸಿಟ್ಟು ಬಂದಾಗಲೆಲ್ಲ ಹೀಗೇ ಮಾಡುತ್ತಾರೆ. ಆ ಕೈಗಳನ್ನು ನೋಡಿದರೆ ನನಗೆ ಅಳು ಬರುತ್ತದೆ, ಹೆಮ್ಮೆಯೂ ಆಗುತ್ತದೆ.

ಉಳಿಸಿಟ್ಟ ಬೀಜವನ್ನು ಬೋಳಾದ ಕಡೆ ಮತ್ತೆ ಎರಚಿದ್ದೇನೆ. ಇದನ್ನೆಲ್ಲ ನಿನಗೆ ಹೇಳಿಕೊಂಡರೆ ಹಗುರಾಗುತ್ತದೆ ಅಂತ ಬರೆದೆ. ನೀನು ಬಿಸಿಯಾಗಬೇಡ.

ನಾಗಕ್ಕ


ದಾವಣಗೆರೆ
೧೨ ಆಗಸ್ಟ್ ೧೯೬೧

ಅಕ್ಕನಿಗೆ ನಮಸ್ಕಾರ.

ಈ ಕಾಗದವನ್ನು ಮಾವನ ಕೈಗೇ ಕೊಡು.

ಮಾವ, ಕುಡುಗೋಲು ಹಿಡಿದ ಗಂಡಸು ಹೆಂಡತಿ ಅಡ್ಡ ಮಲಗಿದಳು ಅಂತ ಕೂತುಬಿಟ್ಟೆಯಂತೆ. ಕೈ ಕಂಕುಳಲ್ಲಿ ಇಟ್ಟುಕೊಳ್ಳುವ ಬದಲು ಬಳೆ ತೊಟ್ಟುಕೊ, ಚೌಕಿಪೇಟೆಯಲ್ಲಿ ಒಳ್ಳೆಯ ಹಸಿರು ಬಳೆ ಬಂದಿವೆ, ನಾನೇ ಕಳಿಸುತ್ತೇನೆ. ನಮ್ಮ ಅಕ್ಕನನ್ನು ನಿನಗೆ ಕೊಟ್ಟಾಗ ನಮ್ಮಪ್ಪ ಗಂಡು ನೋಡಿ ಕೊಟ್ಟಿದ್ದೇನೆ ಅಂದುಕೊಂಡಿದ್ದ. ನಿನ್ನ ಅಣ್ಣ ಇವತ್ತು ಹೂವು ಕೀಳಿಸಿದ, ನಾಳೆ ಉಳ್ಳಾಗಡ್ಡಿ ಕೀಳಿಸುತ್ತಾನೆ. ಮುಚ್ಚಳಿಕೆ ಅನ್ನುವುದು ಒಂದು ಕಾಗದ, ಅದನ್ನು ನೋಡಿ ನಡುಗುವವನು ಮೀಸೆ ಯಾಕೆ ಬಿಟ್ಟಿದ್ದಾನೆ?

ಏಕಾಂತಪ್ಪ


ಕೊಂಡಜ್ಜಿ
೨೧ ಸೆಪ್ಟೆಂಬರ್ ೧೯೬೧

ತಮ್ಮನಿಗೆ ಆಶೀರ್ವಾದ.

ನಿನ್ನ ಕಾಗದವನ್ನು ನಾನು ಕೊಡಲಿಲ್ಲ, ಅವರೇ ಒಡೆದು ಓದಿಕೊಂಡರು. ಅವತ್ತು ಉಣ್ಣಲಿಲ್ಲ. ಹಿತ್ತಿಲ ಗೋಡೆಗೆ ಮುಷ್ಟಿಯಿಂದ ಗುದ್ದಿ ಗುದ್ದಿ ಗೆಣ್ಣಿನ ತೊಗಲೆಲ್ಲ ಕಿತ್ತುಹೋಯಿತು, ಗೋಡೆಯ ಮೇಲೆ ರಕ್ತದ ಮುದ್ರೆ. ಆದರೂ ಹೊರಗೆ ಹೋಗಲಿಲ್ಲ. ಅವರು ಗೆದ್ದರು ಅಂತ ನಾನು ಹೇಳುತ್ತೇನೆ, ನೀನು ಏನಾದರೂ ಅಂದುಕೊ. ಇನ್ನು ಮೇಲೆ ಅವರಿಗೆ ಇಂಥದ್ದು ಬರೆದರೆ ನಿನ್ನ ಕಾಗದಗಳನ್ನು ಒಲೆಗೆ ಹಾಕುತ್ತೇನೆ.

ತುಂಬೆ ಹೂ ಬಿಟ್ಟಿದೆ. ಮೊಣಕಾಲೆತ್ತರ ಬಂದಿದೆ, ಗೆಣ್ಣು ಗೆಣ್ಣಿಗೂ ಉಂಡೆ ಕಟ್ಟಿ ಸುತ್ತ ಬಿಳಿ ಹೂ. ಬಿಸಿಲು ಏರುವ ಮುಂಚೆ ಹೋದರೆ ಜೇನಿನ ಗುಂಯ್ ಸದ್ದಿಗೆ ಮಾತು ಕೇಳಿಸುವುದಿಲ್ಲ. ಹಳದಿ ಚಿಟ್ಟೆಗಳಂತೂ ಲೆಕ್ಕವಿಲ್ಲ. ಬದುವಿನ ಜಾಲಿಗೆ ಕೋಲುಜೇನು ಗೂಡು ಕಟ್ಟಿದೆ. ಕಲ್ಲೇಶಿ ಹೂ ಕಿತ್ತು ಬುಡ ಚೀಪುತ್ತಾನೆ, ಬೈದರೆ ಓಡುತ್ತಾನೆ.

ನನ್ನ ಹಣೆಗೆ ಸ್ವಲ್ಪ ಗಾಯವಾಗಿದೆ. ಎತ್ತು ತಲೆ ಒದರಿದಾಗ ಕೊಂಬು ತಗುಲಿತು. ಹರಿಹರದಲ್ಲಿ ಹೊಲಿಗೆ ಹಾಕಿದರು. ಮಾಯುತ್ತಾ ಬಂದಿದೆ. ದುರುಗಣ್ಣ ಏನಾದರೂ ಹೆಚ್ಚು ಮಾಡಿ ಹೇಳಿದರೆ ನಂಬಬೇಡ.

ನಾಗಕ್ಕ


ಕೊಂಡಜ್ಜಿ
೨೮ ಡಿಸೆಂಬರ್ ೧೯೬೧

ತಮ್ಮನಿಗೆ ಆಶೀರ್ವಾದ.

ಮೂರು ತಿಂಗಳಾಯಿತು, ನಿನ್ನಿಂದ ಒಂದು ಸಾಲು ಇಲ್ಲ. ಒಲೆಗೆ ಹಾಕುತ್ತೇನೆ ಅಂದದ್ದಕ್ಕೆ ಮುನಿಸೇ? ಅಕ್ಕ ಬೈಯದೆ ಇನ್ಯಾರು ಬೈಯಬೇಕು.

ಒಳ್ಳೆಯ ಸುದ್ದಿ ಬರೆಯಲು ಕೂತಿದ್ದೇನೆ. ಉಳ್ಳಾಗಡ್ಡಿ ದಂಟು ಎದ್ದಿವೆ, ಇನ್ನು ಹತ್ತು ಹದಿನೈದು ದಿನಕ್ಕೆ ಗೊಂಡೆ ಬಿರಿಯುತ್ತವೆ. ಎರಡನೇ ಸಲ ಎರಚಿದ ತುಂಬೆ ಉಳ್ಳಾಗಡ್ಡಿಗೆ ಬಿಟ್ಟ ನೀರು ಕುಡಿದುಕೊಂಡು ಇನ್ನೂ ಹೂ ಬಿಡುತ್ತಲೇ ಇದೆ, ಜೇನು ಕದಲಿಲ್ಲ. ಪ್ರತಿ ಸೋಮವಾರ ಬೆಳಗ್ಗೆ ನಿಮ್ಮ ಮಾವನೇ ಬುಟ್ಟಿ ಹಿಡಿದು ಹೋಗಿ ಪೂಜೆಗೆ ಹೂ ಬಿಡಿಸಿಕೊಂಡು ಬರುತ್ತಾರೆ. ಅಷ್ಟು ದೊಡ್ಡ ಕೈಯಲ್ಲಿ ಅಷ್ಟು ಸಣ್ಣ ಹೂವು, ಒಂದೂ ನಲುಗದಂತೆ ಬಿಡಿಸುತ್ತಾರೆ. ಆ ಕಡೆಯಿಂದ ಮೈಲಮ್ಮನೂ ಬಿಡಿಸುತ್ತಾಳೆ. ಭಾವ ಈಗ ಸುಮ್ಮನಿದ್ದಾರೆ. ಯಾಕೆ ಅಂತ ಕೇಳಬೇಡ, ಸುಮ್ಮನಿದ್ದಾರೆ ಅಷ್ಟೆ.

ಮುಚ್ಚಳಿಕೆಯ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ದಾಟಿತು. ನೀನು ಶಿವರಾತ್ರಿಗೆ ಬಾ.

ನಾಗಕ್ಕ


(ಕಾರ್ಡು)

ದಾವಣಗೆರೆ
೧೭ ಜನವರಿ ೧೯೬೨

ಅಕ್ಕನಿಗೆ ನಮಸ್ಕಾರ.

ಈ ಸಲ ಬೇಕಂತಲೇ ಕಾರ್ಡು ಬರೆದಿದ್ದೇನೆ. ಬಕ್ಕೇಶಪ್ಪಾ, ಗಟ್ಟಿಯಾಗಿ ಓದು. ನನ್ನ ಅಕ್ಕನ ಹಣೆ ಒಡೆದದ್ದು ಎತ್ತಿನ ಕೊಂಬಲ್ಲ, ಜಂಬಯ್ಯ ಅನ್ನುವ ಗೂಳಿ. ಪಟ್ಟಿಯ ಮೇಲೆ ಹೊಡೆಯಲು ಬಂದ ಕುಂಟೆಗೆ ಅಡ್ಡ ನಿಂತಳು ಅಂತ ಜುಟ್ಟು ಹಿಡಿದೆಳೆದು ಕುಂಟೆಯ ಹಿಡಿಯಿಂದ ಹೊಡೆದನಂತೆ. ದುರುಗಣ್ಣ ಎಲ್ಲ ಹೇಳಿದ್ದಾನೆ. ಬರುವ ಸೋಮವಾರ ಹೊತ್ತು ಏರುವುದರೊಳಗೆ ಗರಡಿಯ ನಾಲ್ಕು ಜನರೊಂದಿಗೆ ಬರುತ್ತೇನೆ. ಹೆಣ್ಣಿನ ಕೂದಲಿಗೆ ಹೋದ ಕೈಯನ್ನು ಮೊಣಕೈಯವರೆಗೆ ತೆಗೆದು ಕೆರೆಗೆ ಎಸೆಯುತ್ತೇವೆ. ಮಾವ, ನೀನು ಬೆಳಗ್ಗೆಯೇ ಪಟ್ಟಿಗೆ ಹೋಗಿ ಅವನನ್ನು ಹಿಡಿದು ನಿಲ್ಲಿಸಿರು. ಮಿಕ್ಕದ್ದು ನಮಗೆ ಬಿಡು.

ಏಕಾಂತಪ್ಪ


ದಾವಣಗೆರೆ
೨೨ ಜನವರಿ ೧೯೬೨, ಸೋಮವಾರ ಸಂಜೆ

ಅಕ್ಕನಿಗೆ ನಮಸ್ಕಾರ.

ಇವತ್ತು ಬರಲು ಆಗಲಿಲ್ಲ. ಬೆಳಗ್ಗೆಯೇ ಹತ್ತಿ ಗಾಡಿಗಳು ಬಂದು ಮಂಡಿಪೇಟೆ ತುಂಬಿಹೋಯಿತು, ಸಾಹು‌ಕಾರರು ಬಿಡಲಿಲ್ಲ. ಗರಡಿಯವರೂ ಒಬ್ಬೊಬ್ಬರು ಒಂದೊಂದು ನೆಪ ಹೇಳಿದರು. ನಿಜ ಹೇಳಬೇಕೆಂದರೆ ಬರಲೇಬೇಕು ಅಂತೇನೂ ಇರಲಿಲ್ಲ. ಇಂಥವರಿಗೆ ಒಂದು ಕಾರ್ಡು ಸಾಕು.

ಬಕ್ಕೇಶಪ್ಪ ಓದಿದನೇ? ಓದುವಾಗ ಜಂಬಯ್ಯ ಅಲ್ಲಿದ್ದನೇ? ಪಂಚೆ ಒದ್ದೆ ಮಾಡಿಕೊಂಡನೇನು? ಎಲ್ಲ ವಿವರವಾಗಿ ಬರೆ, ಗರಡಿಯಲ್ಲಿ ಓದಿ ಹೇಳಬೇಕು. ನೀನು ನನ್ನಿಂದ ಮುಚ್ಚಿಟ್ಟದ್ದಕ್ಕೆ ಸಿಟ್ಟಿದೆ, ಆದರೂ ಶಿವರಾತ್ರಿಗೆ ಬರುತ್ತೇನೆ. ಆಗ ಮಾವನೂ ನಾನೂ ಕೂತು ನಗುತ್ತೇವೆ.

ಏಕಾಂತಪ್ಪ


ಕೊಂಡಜ್ಜಿ
೯ ಫೆಬ್ರುವರಿ ೧೯೬೨

ಏಕಾಂತಪ್ಪನಿಗೆ,

ಸೋಮವಾರ ಬರೆದ ನಿನ್ನ ಕಾಗದ ಬುಧವಾರ ಬಂತು. ನೀನು ಮಂಗಳವಾರವೇ ಬಂದು, ಮಣ್ಣಿಗೆ ನಿಂತು, ಹೋಗಿಯಾಗಿತ್ತು. ಅವತ್ತು ನಾನು ನಿನ್ನೊಡನೆ ಮಾತಾಡಲಿಲ್ಲ. ವಿವರವಾಗಿ ಬರೆ ಅಂದಿದ್ದೀಯ, ಈಗ ಬರೆಯುತ್ತೇನೆ.

ಶನಿವಾರ ಕಾರ್ಡು ಬಂತು. ಬಕ್ಕೇಶಪ್ಪ ಓದಿದ. ಕಟ್ಟೆ ಮೇಲಿದ್ದವರು ಇನ್ನೊಂದು ಸಲ ಓದು ಅಂದರಂತೆ, ಇನ್ನೊಂದು ಸಲವೂ ಓದಿದ. ಜಂಬಯ್ಯ ಅಲ್ಲೇ ಬೀಡಿ ಹಚ್ಚಿಕೊಂಡು ನಿಂತಿದ್ದ. ನಿಮ್ಮ ಮಾವ ಎತ್ತಿಗೆ ಲಾಳ ಕಟ್ಟಿಸಲು ಹರಿಹರಕ್ಕೆ ಹೋದವರು ಅಲ್ಲೇ ನೆಂಟರ ಮನೆಯಲ್ಲಿ ಉಳಿದು ಭಾನುವಾರ ಕತ್ತಲಾದ ಮೇಲೆ ಬಂದರು. ಅಷ್ಟರಲ್ಲಿ ನಾನು ಓಡಿಹೋಗಿ ಕಾರ್ಡು ಕಿತ್ತುಕೊಂಡು ಬಂದು ಬಚ್ಚಿಟ್ಟಿದ್ದೆ. ಅವರಿಗೆ ತಿಳಿದರೆ ಮತ್ತೆ ಸಿಟ್ಟು ಹೊತ್ತಿಕೊಳ್ಳುತ್ತದೆ ಅಂತ ಹೇಳಲಿಲ್ಲ. ಜಂಬಯ್ಯನ ಮನೆಗೂ ಹೋಗಿ, "ನಮ್ಮ ತಮ್ಮಂದು ಬಾಯಿ ಅಷ್ಟೇ ಭಾವ, ಯಾರೂ ಬರಂಗಿಲ್ಲ" ಅಂದೆ. ಅವನು ನನ್ನ ಮುಖ ನೋಡಲಿಲ್ಲ. ನಿಮ್ಮ ಮಾವ ಪಟ್ಟಿಯಲ್ಲಿ ತನ್ನನ್ನು ಹಿಡಿದು ನಿಲ್ಲಿಸುತ್ತಾರೆ ಅಂತ ಬರೆದಿದ್ದೆಯಲ್ಲ, ಅದೊಂದೇ ಅವನ ತಲೆಯಲ್ಲಿ ಕೂತಿತ್ತು.

ಸೋಮವಾರ ಬೆಳಗ್ಗೆ ಅವರು ಎಂದಿನಂತೆ ಬುಟ್ಟಿ ಹಿಡಿದು ಹೂವಿಗೆ ಹೋದರು. ಬಗ್ಗಿ ಬಿಡಿಸುತ್ತಿದ್ದವರ ಹೆಗಲಿಗೆ ಹಿಂದಿನಿಂದ ಕೊಡಲಿ ಬಿತ್ತು. ಕೂಗು ಕೇಳಿ ನಾನು ಈ ಕಡೆಯಿಂದ, ಮೈಲಮ್ಮ ಆ ಕಡೆಯಿಂದ ಓಡಿದೆವು. ಅವರು ಎದ್ದು ನಿಂತಿದ್ದರು. ಎಡಗೈ ತೊಗಲಿನ ಮೇಲೆ ನೇತಾಡುತ್ತಿತ್ತು. ಬಲಗೈ ಗಟ್ಟಿಯಾಗಿತ್ತು ಏಕಾಂತ, ಆ ಕೈಯಿಂದ ಕೊಡಲಿ ಕಸಿದುಕೊಳ್ಳಬಹುದಿತ್ತು. ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದರು. "ಅಣ್ಣಾ, ಮುಚ್ಚಳಿಕೆ ಐತೆ, ನಾ ಕೈ ಎತ್ತಂಗಿಲ್ಲ ಕಣಣ್ಣಾ" ಅಂದರು. ಎರಡನೇ ಏಟು ಕುತ್ತಿಗೆಗೆ ಬಿತ್ತು. ಅವರು ಬಿದ್ದ ಮೇಲೆ ಜಂಬಯ್ಯ ಕೊಡಲಿ ಹಿಡಿದು ದಾರಿಯ ಕಡೆ ನೋಡುತ್ತಾ ನಿಂತ. "ಬರ್ರಲೇ, ಎಲ್ಲಿ ಅದೀರಿ, ಬರ್ರಲೇ" ಅಂತ ಕೂಗಿದ. ಯಾರೂ ಬರಲಿಲ್ಲ. ನೀನು ಹತ್ತಿ ತೂಗುತ್ತಿದ್ದೆ.

ನಿಮ್ಮ ಮಾವನ ಹೆಸರನ್ನು ನಾನು ಯಾವತ್ತೂ ಬಾಯಲ್ಲಿ ಹೇಳಿದವಳಲ್ಲ. ಹರಿಹರದ ಠಾಣೆಯಲ್ಲಿ ದಫೇದಾರರು "ಸತ್ತವರ ಹೆಸರು ಹೇಳವ್ವ" ಅಂದಾಗ ಮೊದಲ ಸಲ ಹೇಳಿದೆ. ಕಾಟಪ್ಪ ಅಂದೆ. ಕೇಳಿಸಲಿಲ್ಲ ಅಂತ ಮತ್ತೊಮ್ಮೆ ಹೇಳಿಸಿದರು.

ಹೌದು, ನನ್ನ ಹಣೆ ಒಡೆದದ್ದು ಜಂಬಯ್ಯನೇ. ಆದರೆ ದುರುಗಣ್ಣನಿಗೆ ಗೊತ್ತಿದ್ದದ್ದು ಅಷ್ಟೇ. ಮಾರನೇ ದಿನ ಜಂಬಯ್ಯ ನಮ್ಮ ಬಾಗಿಲಿಗೆ ಬಂದು ರುಮಾಲು ತೆಗೆದು ನೆಲಕ್ಕಿಟ್ಟು, "ತಪ್ಪಾತವ್ವ ನಾಗಕ್ಕ, ರಕ್ತ ನೋಡಿ ನನಗ ನನ್ನ ಮ್ಯಾಲೇ ಹೇಸಿಗೆ ಆತು" ಅಂದ. ಅವತ್ತಿನಿಂದ ಪಟ್ಟಿಗೆ ಕಾಲಿಡಲಿಲ್ಲ. ಅವನು ಸುಮ್ಮನಾದದ್ದು ಅದಕ್ಕೆ. ಅದನ್ನು ಬರೆಯಬೇಕಾದರೆ ಹೊಡೆದದ್ದನ್ನು ಮೊದಲು ಬರೆಯಬೇಕಿತ್ತು, ನೀನು ಮೊದಲ ಸಾಲಿಗೇ ಎದ್ದು ಕೊಡಲಿ ಹುಡುಕುವವನು. ದುರುಗಣ್ಣ ನನಗೂ ಒಂದು ಸುದ್ದಿ ಹೇಳಿದ. ಕಾರ್ಡು ಬರೆದ ಹಿಂದಿನ ದಿನ ಹಲ್ಲು ಕಳೆದುಕೊಂಡ ಹಮಾಲನ ಕಡೆಯವರು ನಿನ್ನನ್ನು ಮಂಡಿಪೇಟೆಯ ನಡುಬೀದಿಯಲ್ಲಿ ಕೆಡವಿ ತುಳಿದರಂತೆ, ಗರಡಿಯವರು ನಿಂತು ನೋಡಿದರಂತೆ. ಅವರಿಗೆ ಹೇಳಲಾಗದ್ದನ್ನು ನಮ್ಮೂರ ಕಟ್ಟೆಗೆ ಬರೆದು ಕಳಿಸಿದೆ.

ಉಳ್ಳಾಗಡ್ಡಿ ಗೊಂಡೆ ಬಿರಿದಿವೆ. ಜೇನು ಮುತ್ತಿಕೊಂಡಿದೆ, ಕಾಳು ಕಟ್ಟುತ್ತಿದೆ. ಕೊಯ್ಯುವವರು ಯಾರು ಅಂತ ತಿಳಿಯದು.

ಮಣ್ಣಿನ ದಿನ ನೀನು ಮೈಲಮ್ಮನ ಬಾಗಿಲಿಗೆ ಹೋಗಿ, "ಈ ಮನ್ಯಾಗ ಒಂದು ಗಂಡು ಹುಳ ಉಳಿಸಂಗಿಲ್ಲ" ಅಂತ ಕೂಗಿದೆ. ಒಳಗೆ ಇದ್ದದ್ದು ಅವಳ ಎರಡು ಮಕ್ಕಳು. ಆ ಮಕ್ಕಳು ನಿನ್ನ ಮಾತು ಕೇಳಿಸಿಕೊಂಡು ದೊಡ್ಡವರಾಗುತ್ತಾರೆ, ಆಮೇಲೆ ಹುಡುಕುವುದು ನಿನ್ನನ್ನಲ್ಲ, ಇಲ್ಲೇ ಇರುವ ನನ್ನ ಕಲ್ಲೇಶಿಯನ್ನು. ಗಂಡನನ್ನು ದಾಟಿಸಲು ನನ್ನ ಕೈಲಿ ಆಗಲಿಲ್ಲ. ಮಗನನ್ನಾದರೂ ದಾಟಿಸಬೇಕು.

ಚಿತ್ರದುರ್ಗದ ಕೋರ್ಟಿನಲ್ಲಿ ಜಂಬಯ್ಯನಿಗೆ ಗಲ್ಲು ಆಗಬಹುದು ಅನ್ನುತ್ತಾರೆ. ನಾನು ಅವನನ್ನು ಕ್ಷಮಿಸಿಲ್ಲ, ಜೈಲಿನಲ್ಲೇ ಮುದುಕನಾಗಲಿ. ಆದರೆ ಅವನ ಕೈಗೆ ಕೊಡಲಿ ಹೇಗೆ ಬಂತು ಅನ್ನುವುದೂ ಕೋರ್ಟಿಗೆ ತಿಳಿಯಬೇಕು. ನಿನ್ನೆ ಮೈಲಮ್ಮನನ್ನು ಕರೆದುಕೊಂಡು ಹರಿಹರಕ್ಕೆ ಹೋಗಿ ಕಾರ್ಡನ್ನು ದಫೇದಾರರ ಕೈಗೆ ಕೊಟ್ಟೆ. ಇದು ನನ್ನ ಒಡಹುಟ್ಟಿದವನ ಅಕ್ಷರ ಅಂತ ಹೇಳಿಕೆ ಬರೆಸಿ ರುಜು ಹಾಕಿದ್ದೇನೆ.

ನಿನಗೆ ಸಮನ್ಸ್ ಬರುತ್ತದೆ. ದುರ್ಗಕ್ಕೆ ಬರಲೇಬೇಕು. ನಾನೂ ಮೈಲಮ್ಮನೂ ಒಂದೇ ಗಾಡಿಯಲ್ಲಿ ಬರುತ್ತೇವೆ, ಒಂದೇ ಕಡೆ ಕೂತಿರುತ್ತೇವೆ. ಅಕ್ಕಾ ಅಂತ ಹತ್ತಿರ ಬರಬೇಡ. ಮಧ್ಯಾಹ್ನದ ಬುತ್ತಿಯನ್ನು ನಿನ್ನ ಮನೆಯಿಂದಲೇ ಕಟ್ಟಿಸಿಕೊಂಡು ಬಾ. ನಮ್ಮ ಬುತ್ತಿಯಲ್ಲಿ ನಿನಗೆ ತುತ್ತಿಲ್ಲ.

ನಾಗಕ್ಕ